ನಾಲ್ಕಡಿ ಅಗಲ

ಹಿತ್ತಿಲಿನ ಆ ಜಾಗ ಟೈಲರಮ್ಮನದು ಎಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಆದರೆ ಹನ್ನೊಂದು ವರ್ಷದಿಂದ ಮನಸ್ಸಿನಲ್ಲೇ ಅಲ್ಲಿ ಕೂತು ಹೊಲಿಯುತ್ತಿದ್ದವಳು ಅವಳೊಬ್ಬಳೇ. ಹಿಂದಿನ ಗೋಡೆಗೆ ಅಂಟಿಕೊಂಡು ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ. ಬಟ್ಟೆ ಒಗೆದ ನೀರು ಅತ್ತ ಹರಿಯುವುದಿಲ್ಲ. ಬೆಳಗ್ಗೆ ಎಂಟಕ್ಕೆ ಬಂದು ಕೂತ ಬೆಳಕು ಮಧ್ಯಾಹ್ನ ಮೂರರ ತನಕ ಎದ್ದು ಹೋಗುವುದಿಲ್ಲ. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿ ಕಣ್ಣು ಕಳೆದುಕೊಳ್ಳುವವರಿಗೆ ಮಾತ್ರ ಅಂಥ ಬೆಳಕಿನ ಬೆಲೆ ಗೊತ್ತು.

ಅವಳ ಮಿಷನ್ನು ಇದ್ದದ್ದು ಬೀದಿ ಬಾಗಿಲ ಹಿಂದಿನ ಪ್ಯಾಸೇಜಿನಲ್ಲಿ. ಯಾರಾದರೂ ಬಾಗಿಲು ತಳ್ಳಿದರೆ ಅದರ ಹಿಡಿ ಬಂದು ಅವಳ ಬಲ ಮೊಣಕೈಗೆ ಬಡಿಯುತ್ತಿತ್ತು. ಬಡಿತ ನೋಡಿಯೇ ಬಂದವರು ಯಾರೆಂದು ಹೇಳುವಷ್ಟು ಪರಿಣತಿ ಅವಳಿಗೆ ಬಂದಿತ್ತು. ಮೆತ್ತಗೆ ತಾಗಿದರೆ ಗಿರಾಕಿ, ಎರಡು ಸಲ ತಾಗಿದರೆ ಅತ್ತೆ, ಕಣ್ಣಲ್ಲಿ ನೀರು ಬರುವ ಹಾಗೆ ಬಡಿದರೆ ಗಂಡ. ಹೊಲಿಗೆ ಅರ್ಧದಲ್ಲಿ ಸೊಟ್ಟಗಾಗುತ್ತಿತ್ತು, ಬಿಚ್ಚಿ ಮತ್ತೆ ಹಾಕಬೇಕಾಗುತ್ತಿತ್ತು. ಮೊಣಕೈ ಮೇಲೊಂದು ಕಪ್ಪು ಕಲೆ ಕಾಯಂ ಆಗಿ ಮನೆ ಮಾಡಿತ್ತು.

ಗಂಡ ಬಡಗಿ. ಒಳ್ಳೆಯ ಬಡಗಿ, ಅದರಲ್ಲಿ ಎರಡು ಮಾತಿಲ್ಲ. ಊರಿನ ಅರ್ಧ ಬಾಗಿಲುಗಳು ಅವನ ಕೈಯಲ್ಲಿ ಹುಟ್ಟಿದವು. ಅವನು ಕೂರಿಸಿದ ಕಪಾಟಿನ ಬಾಗಿಲನ್ನು ಬೆರಳಲ್ಲಿ ಮುಟ್ಟಿದರೆ ಸಾಕು, ಬೆಕ್ಕಿನ ಹೆಜ್ಜೆಯ ಹಾಗೆ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿತ್ತು. ಸ್ವಂತ ಮನೆಯಲ್ಲಿ ಮಾತ್ರ ಬಚ್ಚಲ ಬಾಗಿಲನ್ನು ಒಳಗಿನಿಂದ ಕಾಲಲ್ಲಿ ಒತ್ತಿ ಹಿಡಿಯಬೇಕು. ಅಡುಗೆಮನೆಯ ಗೂಡುಗಳಿಗೆ ಬಾಗಿಲೇ ಇಲ್ಲ, ಅವಳೇ ಹೊಲಿದ ಪರದೆ. ಕೇಳಿದಾಗಲೆಲ್ಲ ಅವನು ನಗುತ್ತಲೇ ಹೇಳುತ್ತಿದ್ದ, ನಾಳೆ ಮಾಡ್ತೀನಿ ಅಂತ. ಸಿಟ್ಟಿನಿಂದ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ನಗುವವನ ಜೊತೆ ಹೇಗೆ ಜಗಳ ಆಡುವುದು?

ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವನಿಗೆ ಏನನ್ನಿಸಿತೋ, ಒಂದು ಪ್ಲೈವುಡ್ ಹಲಗೆಯನ್ನು ಗೋಡೆಗೆ ಒರಗಿಸಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅವಳ ರೂಮಿನ ನಕ್ಷೆ ಬರೆದಿದ್ದ. ಇಲ್ಲಿ ಬಾಗಿಲು, ಇಲ್ಲಿ ಬಟ್ಟೆ ಕತ್ತರಿಸುವ ಮೇಜು, ಇಲ್ಲಿ ಮಿಷನ್ನು, ಮಿಷನ್ನಿನ ಎದುರಿಗೆ ಕಿಟಕಿ. ಕಿಟಕಿಗೆ ಎರಡು ರೆಕ್ಕೆಗಳನ್ನು ಕೂಡ ಬಿಡಿಸಿದ್ದ. ಆ ದಿನ ಅವಳು ಎಷ್ಟು ಸಂತೋಷಪಟ್ಟಳೆಂದರೆ, ಈಗ ನೆನೆಸಿಕೊಂಡರೆ ಅವಳಿಗೇ ನಾಚಿಕೆ. ಹಲಗೆ ಕೊನೆಗೆ ಹಿತ್ತಿಲಲ್ಲಿದ್ದ ಚಿಂದಿ ಬಟ್ಟೆಯ ಡ್ರಮ್ಮಿಗೆ ಮುಚ್ಚಳವಾಯಿತು. ಅಳಿಸಿಹೋಗದಿರಲಿ ಎಂದು ಅವಳು ಪೆನ್ಸಿಲ್ ಗೆರೆಯ ಬದಿಯನ್ನು ಒಳಗಡೆಗೆ ಮಾಡಿ ಮುಚ್ಚಿದ್ದಳು.

ಹೀಗೆ ಹನ್ನೊಂದು ವರ್ಷ ಕಳೆದ ಮೇಲೆ, ಒಂದು ಬೇಸಿಗೆ ರಜೆಗೆ ಮುಂಚೆ ಡ್ರಿಲ್ ಟೀಚರ್ ಬಂದರು. ಪಕ್ಕದ ರಸ್ತೆಯ ಶಾಲೆಯವರು, ಕತ್ತಿನಲ್ಲಿ ಸದಾ ಸೀಟಿ ನೇತುಹಾಕಿಕೊಂಡಿರುವ ಗಟ್ಟಿ ದನಿಯ ಹೆಂಗಸು. ಟೈಲರಮ್ಮ ಹೊಲಿದ ಯೂನಿಫಾರಂ ಎರಡು ವರ್ಷ ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಕಾರಣ ಇಷ್ಟೆ: ಅವಳು ಒಳಗೆ ನಾಲ್ಕು ಬೆರಳು ಬಟ್ಟೆ ಬಿಡುತ್ತಿದ್ದಳು. ಮಗುವಿನ ಮಣಿಕಟ್ಟು, ಪಾದ ನೋಡಿ ಈ ಹುಡುಗಿ ವರ್ಷದೊಳಗೆ ಎಷ್ಟು ಎತ್ತರ ಹೋಗುತ್ತಾಳೆ ಎಂದು ಅಂದಾಜು ಮಾಡುತ್ತಿದ್ದಳು. ಆ ಅಂದಾಜು ತಪ್ಪಿದ್ದೇ ಕಡಿಮೆ.

ಇಡೀ ಶಾಲೆಯ ಹೆಣ್ಣುಮಕ್ಕಳ ಆಟದ ಉಡುಪು ಹೊಲಿಯುವ ಕೆಲಸ ಕೊಡಿಸುತ್ತೇನೆ ಎಂದರು ಟೀಚರ್. ಆದರೆ ಬೀದಿ ಬಾಗಿಲ ಹಿಂದೆ ಮಕ್ಕಳನ್ನು ನಿಲ್ಲಿಸಿ ಅಳತೆ ತೆಗೆಯುವುದಕ್ಕೆ ಹೆಡ್‌ಮಿಸ್ ಒಪ್ಪುವುದಿಲ್ಲ, ನಾಲ್ಕು ಗೋಡೆಯ ಒಂದು ರೂಮು ಬೇಕು. ರಜೆ ಮುಗಿಯುವುದರೊಳಗೆ ಆದರೆ ಸರಿ ಎಂದು ಹೇಳಿ, ಹೋಗುವಾಗ ಬಾಗಿಲನ್ನು ಜಾಸ್ತಿಯೇ ಹುಷಾರಾಗಿ ಎಳೆದುಕೊಂಡು ಹೋದರು.

ಅಂದು ಸಂಜೆ ಅವಳು ಗಂಡನಿಗೆ ಎಲ್ಲ ಹೇಳಿದಳು. ಈ ಸಲ ಅವನೂ ಉತ್ಸಾಹ ತೋರಿಸಿದ. ಕಾರ್ಖಾನೆಯಲ್ಲಿ ಮಿಕ್ಕ ಮರ ಇದೆ, ಯಜಮಾನರನ್ನು ಕೇಳಿದರೆ ಇಲ್ಲ ಅನ್ನುವುದಿಲ್ಲ, ನಾಳೆಯೇ ಕೇಳುತ್ತೇನೆ ಎಂದ. ಮಾತಿಗೆ ತಪ್ಪಲಿಲ್ಲ, ಮರುದಿನ ಕೇಳಿಯೇ ಕೇಳಿದ. ಯಜಮಾನರು ಅವನ ಇಪ್ಪತ್ತು ವರ್ಷದ ದುಡಿಮೆ ಮೆಚ್ಚಿ ಮರದ ಜೊತೆಗೆ ತಮ್ಮ ಮನೆಯ ಹೆಣ್ಣು ನಾಯಿಯ ಒಂದು ಮರಿಯನ್ನೂ ಕೊಟ್ಟು ಕಳಿಸಿದರು.

ಮರಿ ಬಂದದ್ದು ಅವನ ಹತ್ಯಾರದ ಚೀಲದಲ್ಲಿ, ಉಳಿ ಸುತ್ತಿಗೆಗಳನ್ನೆಲ್ಲ ಒಂದು ಕೈಯಲ್ಲಿ ಹಿಡಿದುಕೊಂಡು ಚೀಲವನ್ನು ಎದೆಗೆ ಒತ್ತಿಕೊಂಡು ಬಂದ. ಬೂದಿ ಬಣ್ಣ, ಜೋಲು ಕಿವಿ, ತನ್ನದಲ್ಲದ ಚರ್ಮ ತೊಟ್ಟುಕೊಂಡ ಹಾಗೆ ಮೈಯೆಲ್ಲ ಸಡಿಲ. ಎಂಥ ಜಾತಿ ಗೊತ್ತಾ, ಯಜಮಾನರು ಯಾರಿಗೂ ಕೊಟ್ಟಿಲ್ಲ, ಎಂದು ಅವನು ಹೇಳುವಾಗ ಅವನ ಮುಖ ನೋಡಬೇಕಿತ್ತು. ಮದುವೆಯ ದಿನವೂ ಆ ಮುಖ ಅಷ್ಟು ಅರಳಿರಲಿಲ್ಲ ಎಂದು ಅತ್ತೆಯೇ ಆಮೇಲೆ ಹೇಳಿದಳು. ಹೆಸರು ಇಡುವ ಪುರುಸೊತ್ತು ಯಾರಿಗೂ ಆಗದೆ ಮರಿ ಎಂಬುದೇ ಅದರ ಹೆಸರಾಯಿತು.

ನಾಲ್ಕನೆಯ ದಿನ ಅವನು ಹಿತ್ತಿಲಲ್ಲಿ ಗುಂಡಿ ತೋಡತೊಡಗಿದ. ಸದ್ದು ಕೇಳಿ ಟೈಲರಮ್ಮ ಕತ್ತರಿ ಹಿಡಿದುಕೊಂಡೇ ಓಡಿ ಬಂದಳು. ಹನ್ನೊಂದು ವರ್ಷದ ನಂತರ ಅಲ್ಲಿ ಗುದ್ದಲಿ ಬಿದ್ದಿತ್ತು! ಗುಂಡಿಗಳು ಮೂಲೆಗೆ ಒಂದರಂತೆ ಇರಬೇಕಾದದ್ದು ಸಾಲಾಗಿ ಇರುವುದನ್ನು ನೋಡಿ, ಇದೇನು ಎಂದು ಕೇಳಿದಳು. ಮರಿಗೆ ಗೂಡು, ಮುಂದಕ್ಕೆ ಓಡಾಡೋಕೆ ಜಾಲರಿ ಕಟ್ಟಿದ ಜಾಗ, ಎಂದ ಅವನು ಬೆವರು ಒರೆಸಿಕೊಳ್ಳುತ್ತ.

"ನನ್ನ ರೂಮು?"

"ಇದು ಒಂದು ವಾರದ ಕೆಲಸ ಕಣೆ. ಮುಗಿಸಿಬಿಟ್ಟು ಅದಕ್ಕೇ ಕೈ ಹಾಕ್ತೀನಿ. ನಾಳೆ ಯಜಮಾನರು ಬಂದು ನೋಡಿದ್ರೆ ನಾಯಿ ನೆಲದ ಮೇಲೆ ಬಿದ್ದಿರಬೇಕಾ?"

ಹನ್ನೊಂದು ವರ್ಷದಿಂದ ಅವಳ ಮೊಣಕೈ ಬಾಗಿಲ ಹಿಂದೆ ಬಿದ್ದಿರಬಹುದು, ಯಜಮಾನರ ನಾಯಿ ನಾಲ್ಕು ದಿನ ನೆಲದ ಮೇಲೆ ಬಿದ್ದಿರಬಾರದು. ಅವಳಿಗೆ ಹೊಟ್ಟೆ ಉರಿಯಿತು. ನಾಯಿಯ ಮೇಲೆ ಹೊಟ್ಟೆಕಿಚ್ಚು ಪಡುವ ಸ್ಥಿತಿಗೆ ಬಂದೆನಲ್ಲ ಎಂದು ಇನ್ನೂ ಉರಿಯಿತು. ಒಳಗೆ ಹೋಗಿ ಒಂದು ಅಂಗಿಯ ತೋಳನ್ನು ತಿರುಗಾಮುರುಗಾ ಕೂರಿಸಿ, ಅದನ್ನು ಬಿಚ್ಚುತ್ತ ಕೂತಳು.

ಅವನು ಕೆಲಸ ಮಾಡಿದ ರೀತಿಯನ್ನಂತೂ ಹೇಳಲೇಬೇಕು. ಕಾರ್ಖಾನೆಯಿಂದ ಬಂದವನು ಕೈಕಾಲು ತೊಳೆಯದೆ ನೇರ ಹಿತ್ತಿಲಿಗೆ. ಮರದ ಕಂಬಗಳ ಬುಡಕ್ಕೆ ಡಾಂಬರು ಸವರಿ ನಿಲ್ಲಿಸಿದ. ನೆಲಕ್ಕೆ ಇಟ್ಟಿಗೆ ಹಾಸಿ, ತೊಳೆದ ನೀರು ನಿಲ್ಲದಂತೆ ಒಂದು ಬದಿಗೆ ಇಳಿಜಾರು ಕೊಟ್ಟ. ಗೂಡಿನ ತಳವನ್ನು ನೆಲದಿಂದ ಒಂದು ಗೇಣು ಎತ್ತರಿಸಿದ, ಥಂಡಿ ಹತ್ತಬಾರದಲ್ಲ. ಗೂಡಿನ ಬಾಯಿಯ ಅಂಚನ್ನು ಮರಿಯ ಮೈಗೆ ಚುಚ್ಚಬಾರದೆಂದು ಉಜ್ಜಿ ಉಜ್ಜಿ ದುಂಡಗೆ ಮಾಡಿದ. ಮಾಡುತ್ತ ಮಾಡುತ್ತ ಸಿಳ್ಳೆ ಹಾಕುತ್ತಿದ್ದ. ಮಾಡಬಲ್ಲ, ಮನಸ್ಸು ಮಾಡಿದರೆ ಒಂದೇ ವಾರದಲ್ಲಿ ಮಾಡಬಲ್ಲ ಎಂಬುದೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು. ಇಷ್ಟು ವರ್ಷ ಅವನಿಗೆ ಆಗುವುದಿಲ್ಲ ಎಂದುಕೊಂಡು ಸಮಾಧಾನ ಮಾಡಿಕೊಂಡಿದ್ದಳು.

ಹಿತ್ತಿಲ ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದವಳು ಅತ್ತೆ. ಎಂಬತ್ತರ ಹತ್ತಿರದ ಹೆಂಗಸು, ಕಣ್ಣು ಚುರುಕು, ಬಾಯಿ ಅದಕ್ಕಿಂತ ಚುರುಕು. ನನ್ನ ಮಗ ನನಗೆ ಒಂದು ಮಣೆ ಮಾಡಿಕೊಡು ಅಂದ್ರೆ ಮಂಚ ಮಾಡ್ತೀನಿ ಅಂದ, ಈಗ ಎರಡೂ ಇಲ್ಲದೆ ಮೆಟ್ಟಿಲ ಮೇಲೆ ಕೂತಿದ್ದೀನಿ, ಎಂದು ಯಾರನ್ನೂ ಉದ್ದೇಶಿಸದೆ ಹೇಳಿದಳು. ಬಡಗಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವನಿಗೆ ಇನ್ನೊಂದು ಹೆಮ್ಮೆ ಇತ್ತು. ಅವನು ಟೇಪು ಮುಟ್ಟುತ್ತಿರಲಿಲ್ಲ. ಎಲ್ಲ ಕಣ್ಣಳತೆ. ಒಂದು ಕಣ್ಣು ಮುಚ್ಚಿ, ತಲೆ ವಾಲಿಸಿ ನೋಡಿದನೆಂದರೆ ಕೂದಲೆಳೆ ವ್ಯತ್ಯಾಸವಿಲ್ಲದೆ ಹೇಳುತ್ತಿದ್ದ. ಕಾರ್ಖಾನೆಯಲ್ಲಿ ಹೊಸಬರು ಇದರ ಮೇಲೆ ಪಂದ್ಯ ಕಟ್ಟಿ ಸೋಲುತ್ತಿದ್ದರು. ಆ ಕಣ್ಣಿನಿಂದಲೇ ಮರಿಯನ್ನು ಒಮ್ಮೆ ನೋಡಿ, ಸ್ವಲ್ಪ ಕೈ ಸಡಿಲ ಬಿಟ್ಟು, ಗೂಡಿನ ಬಾಯಿಯನ್ನು ಕೊರೆದಿದ್ದ. ಕಣ್ಣಳತೆಯಲ್ಲಿ ಒಂದೇ ತೊಂದರೆ. ಇರುವುದನ್ನು ಅದು ಸರಿಯಾಗಿ ಅಳೆಯುತ್ತದೆ, ಆಗಲಿರುವುದು ಅದಕ್ಕೆ ಕಾಣುವುದಿಲ್ಲ. ಬಾಗಿಲು, ಕಪಾಟು ಬೆಳೆಯುವ ವಸ್ತುಗಳಲ್ಲವಲ್ಲ.

ಮರಿ ಮಾತ್ರ ಹಗಲೆಲ್ಲ ಅವಳ ಪೆಡಲಿನ ಪಕ್ಕದ ಚಿಂದಿಯ ರಾಶಿಯಲ್ಲಿ ಮಲಗಿರುತ್ತಿತ್ತು. ಒಂದು ದಿನ ನಿದ್ದೆಯಲ್ಲಿ ಅದರ ಮುಂಗಾಲು ಅವಳ ಪಾದದ ಮೇಲೆ ಬಿತ್ತು. ಅದರ ಭಾರಕ್ಕೆ ಅವಳು ಹೊಲಿಗೆ ನಿಲ್ಲಿಸಿ ಬಗ್ಗಿ ನೋಡಿದಳು. ಪಂಜ ಅವಳ ಅಂಗೈಯಷ್ಟಿತ್ತು. ಕೊರಳಿನಿಂದ ಟೇಪು ತೆಗೆದು ಪಂಜ, ಮಣಿಕಟ್ಟು, ಬೆನ್ನು ಎಲ್ಲವನ್ನೂ ಅಳೆದಳು. ಇಂಥ ಮಣಿಕಟ್ಟಿನ ಮಕ್ಕಳ ತಾಯಂದಿರಿಗೆ ಅವಳು ಮುಂಚೆಯೇ ಹೇಳಿಬಿಡುತ್ತಿದ್ದಳು, ನಾಲ್ಕು ಬೆರಳು ಸಾಲದು, ಒಂದು ಗೇಣು ಬಿಡುತ್ತೇನೆ ಎಂದು.

ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ಈ ನಾಯಿ ವರ್ಷದೊಳಗೆ ಕರುವಿನಷ್ಟಾಗುತ್ತದೆ, ಗೂಡಿನ ಬಾಯಿ ಸಾಲುವುದಿಲ್ಲ. ಅವನು ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕ.

"ನಾಯಿಗೂ ನಿಕ್ಕರ್ ಹೊಲೀತೀಯೇನೆ? ನಾಲ್ಕು ಬೆರಳು ಬಟ್ಟೆ ಬಿಟ್ಟು?"

ಮರುದಿನ ಕಾರ್ಖಾನೆಯಲ್ಲೂ ಇದನ್ನು ಹೇಳಿ ನಗಿಸಿದನಂತೆ. ಸಂಜೆ ಬಂದು, ಎಲ್ಲರೂ ಎಷ್ಟು ನಕ್ಕರು ಎಂದು ಅವಳಿಗೇ ವರದಿ ಒಪ್ಪಿಸಿದ. ಅವಳು ಹಲ್ಲು ಕಚ್ಚಿಕೊಂಡಳು. ಇನ್ನು ಈ ಬಾಯಿಂದ ಅಳತೆಯ ಮಾತು ಬಂದರೆ ಕೇಳು ಎಂದು ತನಗೆ ತಾನೇ ಹೇಳಿಕೊಂಡಳು.

ಜಾಲರಿ ಬಿಗಿಯುವ ದಿನ ಬಂತು. ಗೋಡೆಯ ಕಡೆಯ ಕಂಬಗಳು ಆಗಲೇ ನಿಂತಿದ್ದವು. ಹೊರಗಿನ ಸಾಲಿನ ಮೊದಲ ಕಂಬವನ್ನು ಗುಂಡಿಯಲ್ಲಿಟ್ಟು ಅವನು ಒಂದು ಕಣ್ಣು ಮುಚ್ಚಿ ನೋಡಿದ. ತಲೆ ಅತ್ತ ವಾಲಿಸಿದ, ಇತ್ತ ವಾಲಿಸಿದ. ಅದೇನು ಸಂಶಯ ಹೊಕ್ಕಿತೋ, ಒಗೆದ ಬಟ್ಟೆ ಹರವುತ್ತಿದ್ದ ಅವಳ ಕಡೆ ತಿರುಗಿ, ಸಂಸಾರ ಶುರುವಾದಾಗಿನಿಂದ ಒಂದು ದಿನವೂ ಕೇಳದಿದ್ದದ್ದನ್ನು ಕೇಳಿದ.

"ಏ, ನಾಲ್ಕಡಿ ಅಗಲ ಇದೆ. ಸಾಕಾ? ಇಲ್ಲ ಇನ್ನೊಂದು ಎರಡಡಿ ಹೊರಗೆ ತಗೊಳ್ಳಾ?"

ಅವಳಿಗೆ ಉತ್ತರ ಗೊತ್ತಿತ್ತು. ನಾಲ್ಕಡಿಯಲ್ಲಿ ಆ ನಾಯಿಗೆ ಸರಿಯಾಗಿ ತಿರುಗಲೂ ಆಗುವುದಿಲ್ಲ. ಆರು ಅಡಿ ತೆಗೆದುಕೊಂಡರೆ ನಾಯಿ ಸುಖವಾಗಿರುತ್ತದೆ, ಗೂಡಿನ ಬಾಯಿಯನ್ನೂ ಮುಂದೆ ಯಾವಾಗಲಾದರೂ ದೊಡ್ಡದು ಮಾಡಬಹುದು, ಆ ಕಟ್ಟಡ ಅಲ್ಲೇ ಶಾಶ್ವತವಾಗಿ ನಿಲ್ಲುತ್ತದೆ. ನಾಲ್ಕೇ ಇದ್ದರೆ ವರ್ಷದೊಳಗೆ ಉಪಯೋಗಕ್ಕೆ ಬಾರದೆ ಹೋಗುತ್ತದೆ. ಕಿತ್ತು ಹಾಕುತ್ತಾನೆ. ಜಾಗ ಖಾಲಿಯಾಗುತ್ತದೆ. ಈ ಲೆಕ್ಕವೆಲ್ಲ ಒಂದು ಅಂಗಿ ಹಿಂಡಿ ಕೊಡವುವಷ್ಟರಲ್ಲಿ ಅವಳ ತಲೆಯಲ್ಲಿ ಮುಗಿದುಹೋಯಿತು.

"ಸಾಕು. ಅಷ್ಟು ಬೇಕಾದಷ್ಟಾಯ್ತು," ಎಂದಳು.

ಅವನು ತೃಪ್ತಿಯಿಂದ ತಲೆಯಾಡಿಸಿ ಗುಂಡಿಗೆ ಕಲ್ಲು ತುಂಬಿದ. ಮೆಟ್ಟಿಲ ಮೇಲಿದ್ದ ಅತ್ತೆ ಸೊಸೆಯ ಮುಖವನ್ನೇ ನೋಡುತ್ತಿದ್ದಳು. ಪೆಡಲಿನ ಪಕ್ಕದಲ್ಲಿ ಸೊಸೆ ನಾಯಿಯನ್ನು ಅಳೆದದ್ದನ್ನು ಅವಳು ನೋಡಿದ್ದಳು.

ಜಾಲರಿಯ ಸುರುಳಿ ಐದಡಿ ಅಗಲದ್ದಾದ್ದರಿಂದ ಎತ್ತರವೂ ಐದಡಿಯೇ ಆಯಿತು. ಮೇಲೆ ತಗಡಿನ ಶೀಟು. ಗೂಡಿರುವ ತುದಿಗೆ ಗಾಳಿ ನುಗ್ಗದಂತೆ ಒಂದು ಹಲಗೆ ಬೇಕೆಂದು ಅವನು ಸುತ್ತ ನೋಡಿ, ಚಿಂದಿಯ ಡ್ರಮ್ಮಿನ ಮುಚ್ಚಳ ತೆಗೆದು ಹೊಡೆದ. ನಕ್ಷೆಯ ಬದಿ ಒಳಗಡೆಗೆ ಹೋಯಿತು. ಬರೆದವನಿಗೆ ಅದು ನೆನಪಾಯಿತೋ ಇಲ್ಲವೋ, ಮೊಳೆ ಹೊಡೆಯುವಾಗ ಸಿಳ್ಳೆಯಂತೂ ನಿಲ್ಲಲಿಲ್ಲ. ಬಾಗಿಲಿಗೆ ಹೊರಗಡೆಯಿಂದ ಒಂದು ಚಿಲಕ.

ಹೇಳುವುದೇ ಬೇಡ, ರಜೆ ಮುಗಿಯಿತು, ರೂಮು ಆಗಲಿಲ್ಲ, ಆಟದ ಉಡುಪಿನ ಕೆಲಸ ಬೇರೆಯವರ ಪಾಲಾಯಿತು. ಮುಂದಿನ ವರ್ಷ ನೋಡೋಣ ಬಿಡಿ ಎಂದರು ಡ್ರಿಲ್ ಟೀಚರ್. ಟೈಲರಮ್ಮ ಮುಂದಿನ ವರ್ಷವನ್ನು ಗಂಟು ಹಾಕಿಟ್ಟುಕೊಂಡಳು. ಅವಳಿಗೆ ಈಗ ಕಾಯಲು ಒಂದು ಕಾರಣವಿತ್ತು. ಕಾರಣ ದಿನಕ್ಕೆ ಎರಡು ಹೊತ್ತು ಅವಳ ಕೈಯಲ್ಲೇ ತಿಂದು ಬೆಳೆಯುತ್ತಿತ್ತು.

ಬೆಳೆಯಿತು ಎಂದರೆ ಹಾಗೆ ಹೀಗೆ ಬೆಳೆಯಲಿಲ್ಲ. ಐದನೆಯ ತಿಂಗಳಿಗೆ ಗೂಡಿನ ಬಾಯಿಗೆ ಭುಜ ಉಜ್ಜತೊಡಗಿತು. ಎಂಟನೆಯ ತಿಂಗಳಿಗೆ ತಲೆ ಮಾತ್ರ ಒಳಗೆ, ಮೈಯೆಲ್ಲ ಹೊರಗೆ. ಮಳೆ ಬಂದಾಗ ಕಣ್ಣು ಕಿವಿಯನ್ನಷ್ಟೇ ಗೂಡಿನಲ್ಲಿ ಬಚ್ಚಿಟ್ಟುಕೊಂಡು, ಎರಚಲಿಗೆ ಬೆನ್ನು ಒಡ್ಡಿ ನಿಲ್ಲುತ್ತಿತ್ತು. ಇನ್ನೂ ಅದನ್ನು ಮರಿ ಎಂದೇ ಕರೆಯುತ್ತಿದ್ದರು. ಬೀದಿಯವರು ಬಾ ಮರಿ ಎಂಬುದನ್ನು ಕೇಳಿ ತಿರುಗಿ ನೋಡಿ, ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಗೂಡಿನದಾದರೂ ಹೇಗೋ ಆಗುತ್ತಿತ್ತು. ಅವಳ ಲೆಕ್ಕಕ್ಕೆ ಸಿಗದಿದ್ದದ್ದು ಬಾಲ. ಹಗ್ಗದ ಹಾಗೆ ಉದ್ದ, ಕೋಲಿನ ಹಾಗೆ ಗಟ್ಟಿ ಬಾಲ. ಅವಳು ತಟ್ಟೆ ಹಿಡಿದು ಹಿತ್ತಿಲ ಬಾಗಿಲಲ್ಲಿ ಕಂಡರೆ ಸಾಕು, ಮರಿ ಮೈಯೆಲ್ಲ ಕುಣಿಸಿ ಬಾಲ ಬೀಸುತ್ತಿತ್ತು. ನಾಲ್ಕಡಿಯಲ್ಲಿ ಆ ಬಾಲಕ್ಕೆ ಜಾಗವಿರಲಿಲ್ಲ. ಈ ಬದಿಯ ಜಾಲರಿಗೆ ಒಂದು ಏಟು, ಆ ಬದಿಯ ಗೋಡೆಗೆ ಒಂದು ಏಟು. ತುದಿ ಒಡೆದು ರಕ್ತ ಬಂತು. ಒಣಗುವುದರೊಳಗೆ ಮತ್ತೆ ಅವಳು ಕಾಣಿಸುತ್ತಿದ್ದಳು, ಮತ್ತೆ ಬೀಸುತ್ತಿತ್ತು, ಮತ್ತೆ ಒಡೆಯುತ್ತಿತ್ತು. ಬೇರೆ ಯಾರನ್ನು ಕಂಡರೂ ಅಷ್ಟು ಬೀಸುತ್ತಿರಲಿಲ್ಲ. ಬಡಗಿ ಬಂದರೆ ಎರಡು ಸಲ, ಅತ್ತೆಗೆ ಒಂದು ಸಲ. ಇವಳಿಗೆ ಮಾತ್ರ ರಕ್ತ ಹಾರುವ ತನಕ.

ಅವಳು ಶಾಲೆಯ ಯೂನಿಫಾರಂನ ನೀಲಿ ಬಟ್ಟೆಯಲ್ಲಿ ಬಾಲಕ್ಕೆ ಒಂದು ಚೀಲ ಹೊಲಿದಳು, ಒಳಗೆ ಹತ್ತಿ ತುಂಬಿ. ಎರಡು ದಿನಕ್ಕೆ ಹರಿಯಿತು. ಇನ್ನೊಂದು ಹೊಲಿದಳು. ದೂರದಿಂದಲೇ ತಟ್ಟೆ ತಳ್ಳಿ ಮುಖ ತೋರಿಸದೆ ಬರಲು ನೋಡಿದಳು. ಅದು ಅವಳ ಹೆಜ್ಜೆಯ ಸದ್ದಿಗೇ ಬೀಸುತ್ತಿತ್ತು. ಬಿಳಿ ಸುಣ್ಣದ ಗೋಡೆಯ ಮೇಲೆ ಕೆಂಪು ಚುಕ್ಕೆಗಳು ಸಾಲಾಗಿ ಬಿದ್ದಿದ್ದವು. ಅವನ್ನು ತೊಳೆಯುತ್ತ, ನಾನೇ ಮಾಡಿದ್ದು, ನಾನೇ ಸಾಕು ಅಂದದ್ದು, ಎಂದು ಅವಳು ಬಾಯಿಬಿಟ್ಟೇ ಅಂದುಕೊಂಡಳು. ಗಂಡನಿಗೆ ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿಯವರೆಗೆ ಬಂತು. ಹೇಳಿದರೆ ಅಗಲ ಮಾಡುತ್ತಾನೆ. ಅಗಲ ಮಾಡಿದರೆ ಜಾಗ ಹೋಗುತ್ತದೆ. ಇನ್ನು ಎರಡು ತಿಂಗಳು, ಶಾಲೆ ರಜೆಯ ತನಕ, ಎಂದು ನುಂಗಿಕೊಂಡಳು. ತಾನು ಇಷ್ಟು ಕೆಟ್ಟವಳು ಎಂದು ಅವಳಿಗೆ ಗೊತ್ತಿರಲಿಲ್ಲ.

ಕೊನೆಗೆ ಆ ಕಾಯುವಿಕೆಯನ್ನು ಮುರಿದದ್ದು ಕಾರ್ಖಾನೆಯ ಯಜಮಾನರು. ತಮ್ಮ ನಾಯಿಯ ಮಗ ಹೇಗಿದ್ದಾನೆ ನೋಡೋಣ ಎಂದು ಒಂದು ಭಾನುವಾರ ಬಂದವರು, ಜಾಲರಿಯೊಳಗೆ ತಿರುಗಲಾರದೆ ಹಿಮ್ಮುಖವಾಗಿ ನಡೆದು ಬಂದ ನಾಯಿಯನ್ನು ನೋಡಿ ಮುಖ ಸಿಂಡರಿಸಿದರು. ಭುಜದ ಗಾಯ ನೋಡಿದರು, ಬಾಲದ ನೀಲಿ ಚೀಲ ನೋಡಿದರು. ಬಡಗಿ ಕೈ ಕಟ್ಟಿಕೊಂಡು ನಿಂತಿದ್ದ. ಇದು ಮನೆಯೊಳಗೆ ಜನರ ಜೊತೆ ಇರುವ ಜಾತಿ ಕಣಯ್ಯ, ಹೀಗೆ ಕೂಡಿಹಾಕ್ತೀಯ ಅಂತ ಗೊತ್ತಿದ್ದರೆ ಕೊಡ್ತಾನೇ ಇರಲಿಲ್ಲ, ಎಂದು, ಕೊಟ್ಟ ಚಹಾವನ್ನೂ ಅರ್ಧ ಬಿಟ್ಟು ಅವರು ಎದ್ದರು. ಬಡಗಿಯ ಮುಖ ಕಪ್ಪಿಟ್ಟಿತು. ಟೈಲರಮ್ಮ ಅಡುಗೆಮನೆಯ ಪರದೆಯ ಹಿಂದೆ ನಿಂತು ಕೇಳಿಸಿಕೊಂಡಳು. ಪಾಪ ಎನಿಸಿತು, ಖುಷಿಯೂ ಆಯಿತು. ಇನ್ನೇನು, ಕಿತ್ತು ಹಾಕುತ್ತಾನೆ.

ಮರುದಿನ ಬಡಗಿ ರಜೆ ಹಾಕಿದ. ಬೆಳಗ್ಗೆಯೇ ಹತ್ಯಾರ ತೆಗೆದು ಹಿತ್ತಿಲಿಗೆ ಹೋದ. ಮೊಳೆ ಕೀಳುವ ಸದ್ದು ಕೇಳುತ್ತ ಅವಳು ಚೀಲ ಹಿಡಿದು ದಾರ, ಗುಂಡಿ ತರಲು ಪೇಟೆಗೆ ಹೊರಟಳು. ದಾರಿಯಲ್ಲಿ ಶಾಲೆಯ ಗೇಟಿನ ಹತ್ತಿರ ಡ್ರಿಲ್ ಟೀಚರ್ ಸಿಕ್ಕರು. ರೂಮು ಆಯ್ತಾ ಎಂದರು. ಆಗ್ತಾ ಇದೆ ಮಿಸ್, ಎಂದಳು ಅವಳು. ಹಾಗಾದರೆ ಬುಧವಾರ ಬಂದು ನೋಡುತ್ತೇನೆ ಎಂದರು. ಪೇಟೆಯಲ್ಲಿ ಅವಳು ಕಿಟಕಿಗೆಂದು ತಿಳಿಹಳದಿ ಬಟ್ಟೆಯನ್ನೂ ಕೊಂಡಳು, ಎರಡು ರೆಕ್ಕೆಯ ಕಿಟಕಿಗೆ ಎಷ್ಟು ಬೇಕೋ ಅಷ್ಟು.

ಮನೆಗೆ ಬಂದು ಬೀದಿ ಬಾಗಿಲು ತಳ್ಳಿದಾಗ ಅದು ಎಲ್ಲಿಗೂ ತಾಗದೆ ಗೋಡೆಯ ತನಕ ಹೋಯಿತು. ಮಿಷನ್ನು ಇರಲಿಲ್ಲ. ಮಿಷನ್ನಿದ್ದ ಜಾಗದಲ್ಲಿ ದಪ್ಪ ಹಾಸಿಗೆ, ಹಾಸಿಗೆಯ ಮೇಲೆ ನಾಲ್ಕೂ ಕಾಲು ಚಾಚಿಕೊಂಡು ಮರಿ. ಬಾಗಿಲು ನಾಯಿಗೆ ಬಡಿಯಬಾರದೆಂದು ನೆಲಕ್ಕೊಂದು ಮರದ ತಡೆಯನ್ನೂ ಕೂರಿಸಿದ್ದ. ನುಣ್ಣಗೆ ಉಜ್ಜಿದ, ಅಚ್ಚುಕಟ್ಟಾದ, ಅಂಗೈಯಗಲದ ಒಂದು ತುಂಡು. ಹನ್ನೆರಡು ವರ್ಷದಲ್ಲಿ ಆ ತುಂಡು ಮರ ಅವಳ ಮೊಣಕೈಗೆ ಸಿಕ್ಕಿರಲಿಲ್ಲ. ಕಾಲು ಗಂಟೆಯ ಕೆಲಸ.

ಬಾ ಬಾ, ಎಂದು ಅವನು ಹಿತ್ತಿಲಿನಿಂದ ಕರೆದ. ಕೈಯಲ್ಲಿ ಸುತ್ತಿಗೆ, ಮುಖದಲ್ಲಿ ಒಂದು ವರ್ಷದ ಹಿಂದಿನ ಅದೇ ಅರಳುವಿಕೆ. ಗೂಡನ್ನು ಕಿತ್ತು ಗೋಡೆಗೆ ಒರಗಿಸಿದ್ದ. ಜಾಲರಿ ಹಾಗೇ ಇತ್ತು, ಶೀಟು ಹಾಗೇ ಇತ್ತು. ಒಳಗೆ ಅವಳ ಮಿಷನ್ನು, ಅವಳ ಸ್ಟೂಲು, ತಲೆಯ ಮೇಲೊಂದು ಬಲ್ಬು.

"ಹನ್ನೆರಡು ವರ್ಷದಿಂದ ಪ್ರಾಣ ತಿಂತಿದ್ದೆಯಲ್ಲ. ತಗೋ, ನಿನ್ನ ರೂಮು."

ಅವನು ತಮಾಷೆ ಮಾಡುತ್ತಿರಲಿಲ್ಲ, ಅದೇ ಕಷ್ಟ. ನಿಜವಾಗಿಯೂ ಕೊಟ್ಟ ಮಾತು ಉಳಿಸಿಕೊಂಡೆನೆಂಬ ಸಮಾಧಾನದಲ್ಲಿ ನಿಂತಿದ್ದ. ಅವಳು ತಲೆ ಬಗ್ಗಿಸಿ ಒಳಗೆ ಹೋದಳು. ಅವಳ ಎತ್ತರ ಐದಡಿ ಎರಡಿಂಚು. ಇಟ್ಟಿಗೆಯ ಸಂದಿನಿಂದ ನಾಯಿಯ ವಾಸನೆ ಏಳುತ್ತಿತ್ತು. ಬೆಳಕು ಮಾತ್ರ ಅವಳು ಅಂದುಕೊಂಡಿದ್ದ ಹಾಗೆಯೇ ಇತ್ತು, ಅದಕ್ಕಿಂತ ಚೆನ್ನಾಗಿಯೇ ಇತ್ತು. ಅದು ಅಷ್ಟು ಚೆನ್ನಾಗಿದ್ದದ್ದಕ್ಕೆ ಅವಳಿಗೆ ಅಳು ಬಂತು.

ಅವನು ಮನೆಯೊಳಗೆ ಹೋದ ಮೇಲೆ ಅತ್ತೆ ಮೆಟ್ಟಿಲ ಮೇಲಿಂದ ಮೆಲ್ಲಗೆ ಹೇಳಿದಳು.

"ಅವನು ಕೇಳಿದಾಗ ಇನ್ನೆರಡಡಿ ಹಾಕಿ ಅಂದಿದ್ರೆ, ನಿನಗೇ ಆಗ್ತಿತ್ತಲ್ಲಮ್ಮ."

ಸೊಸೆ ಸ್ಟೂಲನ್ನು ಮಿಷನ್ನಿನ ಹತ್ತಿರಕ್ಕೆ ಎಳೆದುಕೊಂಡಳು.

ಬುಧವಾರ ಡ್ರಿಲ್ ಟೀಚರ್ ಬಂದರು. ಬಾಗಿಲಲ್ಲಿ ಮರಿಯನ್ನು ನೋಡಿ, ಎಷ್ಟು ಒಳ್ಳೆ ಜಾಗ ಮಾಡಿಕೊಟ್ಟಿದ್ದೀರಿ ಇದಕ್ಕೆ, ಎಂದರು. ಹಿತ್ತಿಲಿಗೆ ಬಂದು ಜಾಲರಿಯ ಹೊರಗೇ ನಿಂತರು. ಎರಡು ಕಡೆಯಿಂದಲೂ ಎಲ್ಲ ಕಾಣುವ ಆ ರೂಮನ್ನು, ಹೊರಗಡೆಯಿಂದ ಹಾಕುವ ಚಿಲಕವನ್ನು, ಒಳಗೆ ಕತ್ತು ಬಗ್ಗಿಸಿ ನಿಂತ ಟೈಲರಮ್ಮನನ್ನು ನೋಡಿದರು. ಅವಳು ಪರದೆ ಕಟ್ಟುತ್ತೇನೆ ಮಿಸ್ ಎಂದು ತಿಳಿಹಳದಿ ಬಟ್ಟೆ ಬಿಚ್ಚಿ ತೋರಿಸಿದಳು. ಆ ಬಟ್ಟೆ ಒಂದು ಬದಿಯ ಕಾಲುಭಾಗಕ್ಕೂ ಸಾಲುತ್ತಿರಲಿಲ್ಲ. ಟೀಚರ್ ಗಟ್ಟಿ ದನಿಯನ್ನು ಎಲ್ಲೋ ಬಿಟ್ಟು ಬಂದವರ ಹಾಗೆ ಮೆತ್ತಗೆ, ಮಕ್ಕಳನ್ನ ಇದರೊಳಗೆ ಹೇಗಮ್ಮ ಕಳಿಸೋದು, ಎಂದರು. ಅಷ್ಟೇ. ಬೇರೆ ಸಣ್ಣಪುಟ್ಟ ರಿಪೇರಿ ಕಳಿಸುತ್ತೇನೆ ಎಂದು ಹೇಳಿ ಹೋದರು.

ಸಂಜೆ ಬಡಗಿ ಬಂದಾಗ ಅವಳು ಅಲ್ಲೇ ಕೂತಿದ್ದಳು. ಗೂಡು ತೆಗೆದ ಮೇಲೆ ಹಿಂದಿನ ಹಲಗೆ ಪೂರ್ತಿ ಕಾಣುತ್ತಿತ್ತು. ಗೂಡಿನ ಹಿಂದೆ ತೇವ ಹತ್ತಿ ಕೆಳಗಿನ ಅರ್ಧ ಕಪ್ಪಾಗಿತ್ತು, ಮೇಜೂ ಬಾಗಿಲೂ ಅಳಿಸಿಹೋಗಿದ್ದವು. ಮೇಲಿನ ಅರ್ಧದಲ್ಲಿ ಕಿಟಕಿ ಉಳಿದಿತ್ತು. ಪೆನ್ಸಿಲಿನ ಎರಡು ರೆಕ್ಕೆ, ತೆರೆದೇ ಇದ್ದವು. ಮಿಷನ್ನಿಗೆ ಸರಿಯಾಗಿ ಎದುರಿಗೆ.

ಟೀಚರ್ ಏನಂದ್ರು ಎಂದು ಅವನು ಕೇಳಿದ. ಅವಳು ಹೇಳಿದಳು. ಪರದೆ ಹೊಲಿದುಕೊಂಡರೆ ಆಯಿತಲ್ಲ, ಅದಕ್ಕೇನಂತೆ, ಎಂದ ಅವನು. ಆಗ ಅವಳಿಗೆ ತಡೆಯಲಾಗಲಿಲ್ಲ.

"ಅವತ್ತು ಕಂಬ ಇಟ್ಟು ನಾಲ್ಕಡಿ ಸಾಕಾ ಅಂತ ನನ್ನ ಕೇಳಿದ್ರಿ. ಸಾಲಲ್ಲ ಅಂತ ನಂಗೆ ಗೊತ್ತಿತ್ತು. ಬೇಕು ಅಂತಲೇ ಸಾಕು ಅಂದೆ ರೀ. ಆ ನಾಯಿ ಬಾಲ ಒಡೆದದ್ದು ನನ್ನಿಂದ."

ಬೈಯಲಿ ಎಂದು ಕಾದಳು. ಬೈದರೆ ಅವಳೂ ಬೈಯುತ್ತಿದ್ದಳು, ಹನ್ನೆರಡು ವರ್ಷದ್ದನ್ನೆಲ್ಲ ಒಟ್ಟಿಗೆ. ಒಂದು ಏಟು ಹೊಡೆದರೂ ಆ ಹೊತ್ತಿಗೆ ಅವಳು ಸರಿ ಅನ್ನುತ್ತಿದ್ದಳೇನೋ. ಅವನು ಹುಬ್ಬು ಗಂಟಿಕ್ಕಿ, ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದ. ಆಮೇಲೆ ನಕ್ಕ.

"ನಾನು ನಿನ್ನ ಕೇಳಿದ್ನಾ? ಯಾವತ್ತು? ಅಳತೆ ವಿಷಯದಲ್ಲಿ ನಾನು ಯಾರನ್ನೂ ಕೇಳೋನಲ್ಲ ಕಣೆ."

ಅಷ್ಟು ಹೇಳಿ ಬಲ್ಬಿನ ತಂತಿ ಸರಿ ಮಾಡಿ ಊಟಕ್ಕೆ ಎದ್ದು ಹೋದ. ಅವಳ ಪಾಪದಲ್ಲೂ ಅವಳಿಗೆ ಪಾಲಿರಲಿಲ್ಲ.

ಅವಳ ದನಿ ಕೇಳಿ ಮರಿ ಪ್ಯಾಸೇಜಿನಿಂದ ಎದ್ದು ಬಂದಿತ್ತು. ಅವಳಿರುವಲ್ಲಿಗೆ ಬರಬೇಕೆಂದು ಜಾಲರಿಯ ಬಾಗಿಲನ್ನು ಮೂಗಿನಿಂದ ತಳ್ಳಿತು. ತುದಿ ಈಗಷ್ಟೇ ಒಣಗುತ್ತಿದ್ದ ಬಾಲ ಆಗಲೇ ಬೀಸಲು ಶುರುವಾಗಿತ್ತು. ಒಳಗೆ ಬಂದರೆ ಮತ್ತೆ ಒಡೆಯುತ್ತದೆ. ಬೇಡ ಮರಿ, ಹೋಗು, ಅಲ್ಲೇ ಇರು, ಎಂದು ಅದರ ತಲೆಯನ್ನು ಹೊರಗೆ ತಳ್ಳಿ ಬಾಗಿಲು ಎಳೆದುಕೊಂಡಳು. ಒಳಗಡೆಯಿಂದ ಹಾಕಲು ಚಿಲಕವಿರಲಿಲ್ಲ. ತಿಳಿಹಳದಿ ಬಟ್ಟೆಯ ಅಂಚಿನಿಂದ ಒಂದು ಪಟ್ಟಿ ಕತ್ತರಿಸಿ ಬಾಗಿಲನ್ನು ಕಂಬಕ್ಕೆ ಕಟ್ಟಿದಳು, ಎರಡು ಗಂಟು ಹಾಕಿ. ಬೆಳಕು ಹೋಗುವುದರೊಳಗೆ ಒಂದು ಅಂಗಿಯ ಕಾಜಾ ಮುಗಿಸಬೇಕಿತ್ತು. ಸೂಜಿಗೆ ದಾರ ಪೋಣಿಸಿ ಕೂತಳು.